ಎರಡನೆಯ ಕಟ್ಟು ಎಲೆ

ಚಾಮರಾಜಪೇಟೆಯ ಒಂದೊಲೆ ವಠಾರ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ಯಾವುದಾದರೂ ಅಡ್ಡರಸ್ತೆಯಲ್ಲಿ ನಿಂತು ಮೂಗೆತ್ತಿದರೆ ಸಾಕು, ದಂಟಿನ ಸೊಪ್ಪಿನ ಬಸ್ಸಾರಿನ ವಾಸನೆಯೇ ಕೈ ಹಿಡಿದು ನಡೆಸಿಕೊಂಡು ಹೋಗಿ ಗೇಟಿನ ಮುಂದೆ ನಿಲ್ಲಿಸುತ್ತದೆ. ಒಂದು ಸಲ ಕಲಾಸಿಪಾಳ್ಯಕ್ಕೆ ಹೋಗಬೇಕಾದ ಸಿಟಿ ಬಸ್ಸು ಆ ವಾಸನೆಗೆ ದಾರಿ ತಪ್ಪಿ ಇಲ್ಲಿಗೇ ಬಂದುಬಿಟ್ಟಿತ್ತು. ಪ್ಯಾಸೆಂಜರುಗಳು ಒಬ್ಬರೂ ಬೈಯಲಿಲ್ಲ. ಎಲ್ಲ ಇಳಿದು ಕಾಂಪೌಂಡಿನ ಮೇಲೆ ಕತ್ತು ಚಾಚಿ, "ಇವತ್ತು ಉಪ್ಸಾರಾ, ಬಸ್ಸಾರಾ?" ಎಂದು ಕೇಳಿದರು.

ಗೇಟಿನ ಒಳಗೆ ಎರಡು ಎಕರೆ ಸೊಪ್ಪಿನ ತೋಟ. ಸುತ್ತ ನಾಲ್ಕೂ ಕಡೆ ಫ್ಲಾಟುಗಳು ಎದ್ದು, ಬಾವಿಗೆ ಇಣುಕುವವರ ಹಾಗೆ ಕೆಳಗೆ ನೋಡುತ್ತ ನಿಂತಿವೆ. ತೋಟದ ಒಂದು ಅಂಚಿಗೆ ಬಾವಿ ಸಾಲಿನ ಮನೆಗಳು, ಎದುರಿನ ಅಂಚಿಗೆ ಬೇವಿನ ಸಾಲಿನ ಮನೆಗಳು, ನಡುವೆ ಹೆಂಚಿನ ಅಡುಗೆಮನೆ. ಮನೆ ಇಪ್ಪತ್ತೆರಡು, ಒಲೆ ಒಂದೇ. ಅಲ್ಲಿ ನಂದು ಎನ್ನುವುದು ಏನೂ ಇಲ್ಲ. ಗುದ್ದಲಿ ಎಲ್ಲರದು, ಹಸು ಎಲ್ಲರದು, ಗೌರಿ ಹಬ್ಬಕ್ಕೆ ಎಲ್ಲ ಹೆಂಗಸರಿಗೂ ಒಂದೇ ಬಣ್ಣದ ಸೀರೆ. ಫೋನು ಕೂಡ ಇಡೀ ವಠಾರಕ್ಕೆ ಒಂದೇ. ಅದನ್ನು ಅಡುಗೆಮನೆಯ ಕಂಬಕ್ಕೆ ಹಸು ಕಟ್ಟುವ ಸರಪಳಿಯಲ್ಲಿ ಬಿಗಿದಿದ್ದಾರೆ. ಮಾತಾಡಬೇಕಾದವರು ಕಂಬ ತಬ್ಬಿಕೊಂಡು ಮಾತಾಡಬೇಕು, ಅದೂ ಮಂಡಿಯವರ ಜೊತೆ ಸೊಪ್ಪಿನ ಮಾತು ಇಲ್ಲವೇ ಸಾವಿನ ಸುದ್ದಿ, ಅಷ್ಟೇ.

ಬೆಳಗಾಗುವ ಮುಂಚೆ ಯಜಮಾನ ಪುಟ್ಟಯ್ಯ ಬೇವಿನ ಮರಕ್ಕೆ ನೇತು ಹಾಕಿದ ರೈಲುಕಂಬಿಯ ತುಂಡನ್ನು ಬಡಿದು ಕೆಲಸ ಹಂಚುತ್ತಾನೆ. ನೀನು ಪಾತಿ ಕಟ್ಟು, ನೀನು ಮೆಂತ್ಯ ಕೀಳು, ನೀವಿಬ್ಬರು ಸಬ್ಬಸಿಗೆ ಕಂತೆಗಳನ್ನು ಲಗೇಜ್ ಆಟೋಗೆ ಏರಿಸಿ ಕಲಾಸಿಪಾಳ್ಯಕ್ಕೆ ಹೊರಡಿ. ಇವತ್ತು ಮೆಂತ್ಯ ಕಿತ್ತವನು ನಾಳೆ ಕಕ್ಕಸು ತೊಳೆಯುತ್ತಾನೆ, ನಾಳಿದ್ದು ಅವನೇ ಎಲ್ಲರಿಗೂ ಕ್ಷೌರ ಮಾಡುತ್ತಾನೆ. ಬದಲಾಗದ ಕೆಲಸ ಒಂದೇ, ಒಲೆ. ಮೂವತ್ತೊಂದು ವರ್ಷದಿಂದ ಅದು ಮುನಿಯಕ್ಕನದು.

ಒಲೆಗೆ ದೊಡ್ಡಜ್ಜಿಯ ಕಟ್ಟಳೆಗಳಿದ್ದವು. ದೊಡ್ಡಜ್ಜಿ ಎಂದರೆ ಆ ವಠಾರ ಕಟ್ಟಿದವಳು. ಉಣ್ಣುವುದು ಸಾಲಿನಲ್ಲಿ ಕೂತು, ಎಲೆಯ ಮೇಲೆ ಮಾತ್ರ. ಒಲೆಯ ಪಕ್ಕ ನಿಂತು ಒಂದು ಅಗುಳು ಬಾಯಿಗೆ ಹಾಕಿಕೊಂಡರೂ ಒಲೆ ಕದ್ದಂತೆ. ಅದಕ್ಕೇ ಮುನಿಯಕ್ಕ ಉಪ್ಪನ್ನು ನಾಲಿಗೆಯಲ್ಲಿ ನೋಡಿದವಳೇ ಅಲ್ಲ. ಸೌಟನ್ನು ಮೂಗಿನ ಹತ್ತಿರ ತಂದು, "ಇನ್ನೇಳು ಹರಳು ಬೇಕು" ಎನ್ನುತ್ತಾಳೆ. ಏಳೇ ಬೇಕಾಗಿರುತ್ತದೆ.

ದೊಡ್ಡ ಕಟ್ಟಳೆ ಎಲೆಯದು. ವಠಾರದ ಮುದುಕಿಯರು ಬೇವಿನ ಕೆಳಗೆ ಕೂತು ಮುತ್ತುಗದ ಎಲೆ ಹಚ್ಚುತ್ತಾರೆ. ನೂರು ಎಲೆಗೆ ಒಂದು ಕಟ್ಟು, ಹೊತ್ತಿಗೆ ಒಂದು ಕಟ್ಟು. ಪೇಟೆಗೆ ಹೋದವನ ಎಲೆಗೂ ಬಡಿಸಿ ಮೇಲೊಂದು ಬುಟ್ಟಿ ಕವುಚಿ ಇಡುತ್ತಾರೆ. ತಲೆ ಎಣಿಸಿದರೆ ಆಯುಸ್ಸು ಕಮ್ಮಿಯಾಗುತ್ತದೆ ಎಂದು ಅಲ್ಲಿ ಯಾರೂ ತಲೆ ಎಣಿಸುವುದಿಲ್ಲ, ಎಲೆ ಹೇಳಿದ್ದೇ ಲೆಕ್ಕ. ಒಂದು ಕಟ್ಟು ಸಾಲದೆ ಎರಡನೆಯದನ್ನು ಬಿಚ್ಚಿದ ದಿನ ಒಲೆ ಒಡೆಯಬೇಕು. ಕೊನೆಯದಾಗಿ ಎಲೆ ಹಿಡಿದ ಕೂಸು ಯಾವ ಸಾಲಿನದೋ ಆ ಸಾಲಿಗೆ ಸಾಲೇ ಕೆಂಡದ ಮಡಕೆ ಹೊತ್ತು ಹೊಸ ಜಾಗಕ್ಕೆ ನಡೆಯಬೇಕು. ಹೋದವರು ಹನ್ನೆರಡು ವರ್ಷ ಹಳೆ ಒಲೆಯ ಹೊಗೆ ನೋಡುವಂತಿಲ್ಲ, ಇಲ್ಲಿಯವರು ಅಲ್ಲಿಗೆ ಕಾಲಿಡುವಂತಿಲ್ಲ. ಮೊದಲ ಸಲ ಒಡೆದಾಗ ಹೋದವರು ದಿನಾ ಮಧ್ಯಾಹ್ನ ಇಲ್ಲಿಗೇ ಓಡಿ ಬಂದು ಉಂಡು ಹೋಗುತ್ತಿದ್ದರು, ಅಲ್ಲಿಯ ಉರಿಯದ ಒಲೆಯಲ್ಲಿ ಬೆಕ್ಕು ಮೂರು ಸೂಲು ಮರಿ ಹಾಕಿತ್ತು. ಆಮೇಲೆ ಬಂದದ್ದು ಈ ಹನ್ನೆರಡು ವರ್ಷ.

ಹಿಂದಿನ ಸಲ ಒಲೆ ಒಡೆದಾಗ ಮುನಿಯಕ್ಕನ ಅಕ್ಕ ಶೈಲಜಮ್ಮ ಕನಕಪುರ ರಸ್ತೆಯ ಕಡೆ ಹೋದಳು. ಮುನಿಯಕ್ಕ ಯುಗಾದಿಗೊಂದು ಗೀಟಿನಂತೆ ಗೋಡೆಯ ಮೇಲೆ ಇದ್ದಿಲಲ್ಲಿ ಹನ್ನೊಂದು ಗೀಟು ಎಳೆದಿದ್ದಳು. ಹನ್ನೆರಡನೆಯದಕ್ಕೆ ಇದ್ದಿಲು ತೆಗೆದಿಟ್ಟುಕೊಂಡಿರುವಾಗ ಕಂಬದ ಫೋನು ಹೊಡೆದುಕೊಂಡಿತು. ಕಂಬ ತಬ್ಬಿಕೊಂಡು ಅವಳು ಎಷ್ಟು ಅತ್ತಳೆಂದರೆ, ಮಳೆಗಾಲದಲ್ಲಿ ಆ ಕಂಬದಿಂದ ಈಗಲೂ ಉಪ್ಪು ಒಸರುತ್ತದೆ.

ಅಂಥ ಮುನಿಯಕ್ಕನಿಗೆ ಒಬ್ಬಳೇ ಮಗಳು, ಯಶಶ್ರೀ. ಬೇವಿನ ಸಾಲಿನಲ್ಲಿ ಹುಟ್ಟಿ ತೋಟದಾಚೆಯ ಬಾವಿ ಸಾಲಿನ ಶಶಿಕುಮಾರನನ್ನು ಮದುವೆಯಾದಳು. ನಲವತ್ತು ಹೆಜ್ಜೆಗೆ ಗಂಡನ ಮನೆ. ಪುಷ್ಯ ಮಾಸದಲ್ಲಿ ಗಂಡು ಮಗು ಹುಟ್ಟಿತು, ಅಭಿನಂದನ್ ಎಂದು ಹೆಸರಿಟ್ಟರು. ಹೆಸರಿಟ್ಟ ದಿನವೇ ಮುನಿಯಕ್ಕ ತಿಂಗಳು ಎಣಿಸತೊಡಗಿದಳು. ಏಕೆಂದರೆ ಒಂದು ವರ್ಷದಿಂದ ಕಟ್ಟಿನ ನೂರನೆಯ, ಕೊನೆಯ ಎಲೆ ಅವಳದೇ ಆಗಿತ್ತು. ಹಾಲು ಕುಡಿಯುವ ಕೂಸಿಗೆ ಎಲೆ ಇಲ್ಲ. ಆರನೆಯ ತಿಂಗಳಲ್ಲಿ ಅನ್ನ ಮುಟ್ಟಿಸಿದ ದಿನದಿಂದ ಎಲೆ. ಕೂಸು ಅನ್ನ ಮುಟ್ಟಿತೆಂದರೆ ಎರಡನೆಯ ಕಟ್ಟು ಬಿಚ್ಚಬೇಕು, ಬಾವಿ ಸಾಲು ಹೊರಡಬೇಕು, ಮಗಳು ಹೋದಳು, ಮೊಮ್ಮಗ ಹೋದ. ಹನ್ನೆರಡು ವರ್ಷ. ಮುನಿಯಕ್ಕನಿಗೆ ಆಗಲೇ ಅರವತ್ತಮೂರು.

ಒಂದು ಬೆಳಗ್ಗೆ ಅವಳು ಪುಟ್ಟಯ್ಯನನ್ನು ಹಿಡಿದಳು. "ಯಜಮಾನ್ರೇ, ಕಟ್ಟಿಗೆ ನೂರೈದು ಎಲೆ ಹಾಕ್ಸಿದ್ರೆ ಏನಾಯ್ತದೆ?"

"ಏನೂ ಆಗಲ್ಲ. ಹಂಗೇ ವಾರಕ್ಕೆ ಎಂಟು ದಿನ ಮಾಡಾನ, ಒಂದಿನ ಜಾಸ್ತಿ ಮಲ್ಗಬೋದು." ಪುಟ್ಟಯ್ಯ ನಕ್ಕ. ಆಮೇಲೆ ಅವಳ ಮುಖ ನೋಡಿ ನಗು ನುಂಗಿದ. "ನೋಡು ಮುನಿಯಕ್ಕ, ತಾವರೆಕೆರೆ ಆಚೆ ಜಾಗ ಹಿಡಿದು ನಾಲ್ಕು ವರ್ಷ ಆಯ್ತು. ಬಾವಿ ತೋಡೈತೆ, ಶೆಡ್ ಹಾಕೈತೆ. ದೊಡ್ಡಜ್ಜಿ ಸುಮ್ನೆ ಹೇಳಿಲ್ಲ. ನೂರು ಮುಖ ಕಣ್ಣಿಗೆ ಆಯ್ತವೆ. ಅದ್ರ ಮೇಲೆ ಒಂದು ಜಾಸ್ತಿ ಆದ್ರೂ, ಯಾರು ಉಂಡ್ರು ಯಾರು ಹಸ್ಕೊಂಡವ್ರೆ ಒಬ್ರಿಗೂ ಗೊತ್ತಾಗಲ್ಲ."

ಮುನಿಯಕ್ಕ ತಲೆಯಾಡಿಸಿ ಒಲೆಗೆ ಬಂದಳು. ಕಟ್ಟು ಹಿಗ್ಗುವುದಿಲ್ಲ ಎಂದಾದರೆ ಕೂಸಿನ ಬಾಯಿಯನ್ನೇ ತಡೆಯಬೇಕು.

ಕೂಸಿಗೆ ಆರು ತಿಂಗಳು ತುಂಬಿತು. ಬೀಗಿತ್ತಿ ಶಿವಕುಮಾರಿ, ಎಂದರೆ ಶಶಿಕುಮಾರನ ತಾಯಿ, ಸೊಂಟದ ಮೇಲೆ ಮೊಮ್ಮಗನನ್ನು ಎತ್ತಿಕೊಂಡು ಅಡುಗೆಮನೆಗೆ ಬಂದಳು. "ಏನಕ್ಕಾ, ಕೂಸು ನನ್ ಬಳೆ ಕಚ್ತದೆ, ಸೆರಗು ಕಚ್ತದೆ. ನಿನ್ನೆ ಯಜಮಾನ್ರ ಮೂಗೇ ಕಚ್ಚಿ ಎಳೀತು. ಅನ್ನ ಮುಟ್ಸೋದು ಯಾವಾಗ?"

"ಆಷಾಢದಲ್ಲಿ ಯಾರಾದ್ರೂ ಮುಟ್ಸ್ತಾರೇನೇ?"

ಶ್ರಾವಣ ಬಂತು. "ಹಲ್ಲು ಬರ್ಲಿ" ಎಂದಳು ಮುನಿಯಕ್ಕ. ಮಾರನೇ ದಿನವೇ ಹಲ್ಲು ಬಂತು. "ಮೇಲಿನ ಹಲ್ಲು ಮೊದ್ಲು ಬಂದೈತೆ. ಸೋದರಮಾವಂಗೆ ಆಗಲ್ಲ. ಇನ್ನೊಂದು ಬರೋಗಂಟ ತಡಿ."

"ಸೋದರಮಾವ ಎಲ್ಲವ್ನೆ? ಯಶಶ್ರೀ ಒಬ್ಳೇ ಅಲ್ವಾ ನಿಂಗೆ!"

"ಇದ್ದಿದ್ರೆ ಆಗ್ತಿರ್ಲಿಲ್ಲ ಅಂದೆ."

ಭಾದ್ರಪದದಲ್ಲಿ ಪಿತೃಪಕ್ಷ ಅಡ್ಡ ಬಂತು. ದಸರಾಕ್ಕೆ ಕೂಸಿಗೆ ಒಂಬತ್ತು ತುಂಬಿ, ಎಂಟು ಹಲ್ಲು ಬಂದು, ಹಸಿದ ಕೋಪಕ್ಕೆ ಬಾವಿ ಹಗ್ಗವನ್ನೇ ಕಚ್ಚಿ ಎರಡು ತುಂಡು ಮಾಡಿತು. ಶಿವಕುಮಾರಿ ಈ ಸಲ ಜಗಳಕ್ಕೆ ಬರಲಿಲ್ಲ. ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದಳು. "ನನ್ ಮೊಮ್ಮಗ ಉಣ್ಣೋದು ನಿಂಗೆ ಇಷ್ಟ ಇಲ್ವಾ ಅಕ್ಕಾ?"

ಆ ಮಾತು ಮುನಿಯಕ್ಕನಿಗೆ ಕಾದ ಎಣ್ಣೆ ಸಿಡಿದ ಹಾಗಾಯಿತು. "ನಾಡಿದ್ದು ಮುಟ್ಸಾನ" ಎಂದಳು.

ಆ ದಿನ ಬಂತು. ಗಂಡಸರು ಪೂರ್ವದ ಗೋಡೆಗೆ, ಹೆಂಗಸರು ಪಶ್ಚಿಮದ ಗೋಡೆಗೆ ಎದುರುಬದುರು ಕೂತರು. ಮುನಿಯಕ್ಕ ಕಟ್ಟು ಬಿಚ್ಚಿ ಎಲೆ ಹಾಕುತ್ತ ಬಂದಳು. ಯಶಶ್ರೀಯ ಮುಂದೆ ಬಂದಾಗ ಅವಳ ಕೈಯಲ್ಲಿ ಉಳಿದದ್ದು ಎರಡು ಎಲೆ. ಒಂದು ಮಗಳಿಗೆ ಹಾಕಿದಳು. ಇನ್ನೊಂದು ಅವಳದು. ಮಗಳ ತೊಡೆಯ ಮೇಲೆ ಕೂಸು ಎರಡೂ ಕೈ ಚಾಚಿ, ಹಕ್ಕಿಮರಿಯ ಹಾಗೆ ಬಾಯಿ ತೆರೆದು ಕೂತಿತ್ತು.

ಮುನಿಯಕ್ಕ ತನ್ನ ಎಲೆಯನ್ನು ಕೂಸಿನ ಮುಂದೆ ಹಾಕಿದಳು.

ಕಟ್ಟು ಖಾಲಿ. ಪುಟ್ಟಯ್ಯ ಕೇಳಿದ, "ಸರ್ಯಾಗಾಯ್ತಾ ಮುನಿಯಕ್ಕ?"

"ಸರ್ಯಾಗಾಯ್ತು ಯಜಮಾನ್ರೇ."

"ಎರಡ್ನೇ ಕಟ್ಟು ಬೇಕಾಗುತ್ತೆ ಅಂತ ಅಂದ್ಕೊಂಡಿದ್ದೆ."

"ಮುದ್ಕೀರು ಎಲ್ಲೋ ಒಂದು ಜಾಸ್ತಿ ಸೇರ್ಸವ್ರೆ ಅನ್ಸುತ್ತೆ. ದೇವ್ರು ದೊಡ್ಡೋನು."

ಅಡುಗೆಯವಳು ಉಣ್ಣುವುದು ಯಾವಾಗಲೂ ಕೊನೆಗೆ, ಎಲ್ಲರೂ ಕೈ ತೊಳೆದು ಕೆಲಸಕ್ಕೆ ಹೋದ ಮೇಲೆ. ಅವಳ ಮುಂದೆ ಎಲೆ ಇತ್ತೋ ಇಲ್ಲವೋ ನೋಡಿದವರು ಒಬ್ಬರೂ ಇಲ್ಲ. ಒಲೆ ಕದಿಯುವ ಮನಸ್ಸು ಅವಳಿಗೆ ಬರಲಿಲ್ಲ. ಮೂವತ್ತೊಂದು ವರ್ಷ ಒಲೆಯ ಮುಂದೆ ನಾಲಿಗೆಗೆ ಉಪ್ಪು ಮುಟ್ಟಿಸದವಳು ಈಗ ಕೈ ಹಾಕುತ್ತಾಳೆಯೇ? ಮೊದಲ ದಿನ ನೀರು ಕುಡಿದಳು. ಎರಡನೆಯ ದಿನವೂ ನೀರು ಕುಡಿದಳು. ಮೂರನೆಯ ದಿನ ನೂರು ರಾಗಿ ಮುದ್ದೆ ಕಟ್ಟಿಟ್ಟು ನೋಡಿದರೆ ನೂರೂ ಅವಳ ಕಡೆಗೇ ತಿರುಗಿ ಕೂತಿದ್ದವು. ಅವಳು ಬುಟ್ಟಿ ಮುಚ್ಚಿ ಹಿತ್ತಲಿಗೆ ಓಡಿದಳು. ಅಲ್ಲಿ ಗೌರಿ ಹಸುವಿನ ಕಲಗಚ್ಚಿನ ಬಕೆಟ್ಟು ಕಂಡಿತು. ಅಕ್ಕಿ ತೊಳೆದ ನೀರು, ಗಂಜಿ, ಮುದ್ದೆ ಪಾತ್ರೆ ಕೆರೆದದ್ದು. ಅದಾಗಲೇ ಒಲೆಯಿಂದ ಇಳಿದು ಹಸುವಿನ ಪಾಲಾದದ್ದು. ಹಸುವಿನ ಪಾಲು ತಿನ್ನಬಾರದು ಎಂದು ದೊಡ್ಡಜ್ಜಿ ಕಟ್ಟಳೆ ಮಾಡಿರಲಿಲ್ಲ. ಮನುಷ್ಯರು ಆ ಮಟ್ಟಕ್ಕೆ ಬರುತ್ತಾರೆಂದು ಪಾಪ ಅವಳಿಗೆ ಹೊಳೆದಿರಲಿಕ್ಕಿಲ್ಲ.

"ಒಂದು ಬೊಗಸೆ ನಂಗೆ, ಮಿಕ್ಕಿದ್ದು ನಿಂಗೆ ತಾಯಿ" ಎಂದು ಗೌರಿಗೆ ಕೈ ಮುಗಿದಳು.

ದಿನ ಹೋದ ಹಾಗೆ ಒಂದು ಬೊಗಸೆ ಸಾಲದಾಯಿತು. ದೀಪಾವಳಿಯ ಹೊತ್ತಿಗೆ ಮುನಿಯಕ್ಕ ಎಷ್ಟು ಬಡವಾದಳೆಂದರೆ, ಮಣಿಕಟ್ಟಿನ ಬಳೆ ಕೈ ಎತ್ತಿದರೆ ಹೆಗಲಿಗೆ ಇಳಿಯುತ್ತಿತ್ತು, ಕೈ ಇಳಿಸಿದರೆ ನೆಲಕ್ಕೆ ಬೀಳುತ್ತಿತ್ತು. ಗಾಳಿ ಬೀಸಿದ ದಿನ ಸೆರಗಿನಲ್ಲಿ ಗುಂಡುಕಲ್ಲು ಕಟ್ಟಿಕೊಂಡು ಓಡಾಡಿದಳು. ಕೇಳಿದವರಿಗೆ, "ವಯಸ್ಸಾಯ್ತಲ್ಲ, ಮೈ ಇಳೀತದೆ" ಎಂದಳು. ಅವರೂ "ಹೌದು ಬಿಡು" ಎಂದು ಸಾರಿಗೆ ಕೈ ಒಡ್ಡಿದರು.

ಹಸಿವು ಮನುಷ್ಯರ ತಲೆಯಲ್ಲಿ ಏನೇನೋ ಹುಟ್ಟಿಸುತ್ತದೆ. ಗಂಡಸರ ಸಾಲಿನ ತುದಿಯಲ್ಲಿ ತೊಂಬತ್ತನಾಲ್ಕು ವರ್ಷದ ಕೆಂಪಯ್ಯ ತಾತ ಕೆಮ್ಮುತ್ತ ಕೂರುತ್ತಿದ್ದ. ಒಂದು ಮಧ್ಯಾಹ್ನ ಅವನ ಎಲೆಗೆ ಅನ್ನ ಹಾಕುವಾಗ, ಈ ಎಲೆಯೊಂದು ಬಿಡುವಾದರೆ ಎಂಬ ಯೋಚನೆ ಅವಳಿಗೆ ಬಂದುಬಿಟ್ಟಿತು. ಬಂದದ್ದೇ ಸೌಟು ಕೈಯಿಂದ ಜಾರಿ ಬಿತ್ತು. ಆ ಪಾಪಕ್ಕೆ ಪ್ರಾಯಶ್ಚಿತ್ತವೆಂದು ಅಂದಿನಿಂದ ತಾತನ ಮುದ್ದೆಗೆ ಎರಡು ಮಿಳ್ಳೆ ತುಪ್ಪ ಜಾಸ್ತಿ ಹಾಕಿದಳು. ತಾತನ ಕೆಮ್ಮು ನಿಂತಿತು, ಬೆನ್ನು ನೆಟ್ಟಗಾಯಿತು, ದವಡೆಯಲ್ಲಿ ಹೊಸ ಹಲ್ಲೊಂದು ಮೊಳೆಯಿತು. ಹದಿನೈದು ದಿನಕ್ಕೆ ಅವನು ಕೋಲು ಬಿಸಾಕಿ ಸೊಪ್ಪಿನ ಕಂತೆ ಹೊರಲು ಪೇಟೆಗೆ ಹೊರಟ. ಮುನಿಯಕ್ಕ ಒಲೆಯ ಮುಂದೆ ಕೂತು ನಕ್ಕಳು, ನಗುತ್ತಲೇ ಅತ್ತಳು.

ಗೌರಿಯ ಹಾಲು ಮಾತ್ರ ಇಳಿಯುತ್ತ ಬಂತು. ಆರು ಸೇರು ಕರೆಯುವ ಹಸು ಎರಡು ಸೇರಿಗೆ ಬಂದಾಗ ಪುಟ್ಟಯ್ಯ ಕೆಲಸ ಹಂಚುವಾಗ ಹೇಳಿದ, "ಯಾರೋ ಹಸುವಿನ ಕಲಗಚ್ಚು ಕದೀತಾವ್ರೆ. ಪಕ್ಕದ ರಸ್ತೆ ಹಂದಿಯೋ, ನಾಯಿಯೋ. ಸಸೀ, ಇವತ್ತು ಕೊಟ್ಟಿಗೆ ಕಾಯೋ ಕೆಲ್ಸ ನಿಂದು."

ಬಸವನಗುಡಿಯ ಕಡಲೆಕಾಯಿ ಪರಿಷೆಗೆ ನಾಲ್ಕು ದಿನವಿತ್ತು. ಎಲ್ಲೋ ಕಾಯಿ ಹುರಿಯುತ್ತಿದ್ದ ವಾಸನೆ ಗಾಳಿಯಲ್ಲಿ ಬಂದು ಮುನಿಯಕ್ಕನ ಕರುಳನ್ನು ಹಿಡಿದು ತಿರುಚುತ್ತಿತ್ತು. ಊಟ ಮುಗಿದು ಎಲ್ಲರೂ ಪಾತಿಗೆ ಹೋದ ಮೇಲೆ ಅವಳು ಬಕೆಟ್ಟು ಎಳೆದುಕೊಂಡು ಕೊಟ್ಟಿಗೆಗೆ ಬಂದಳು. ಕುಕ್ಕರುಗಾಲಿನಲ್ಲಿ ಕೂತು ಎರಡೂ ಕೈಯಲ್ಲಿ ಮೊಗೆದು ಬಾಯಿಗೆ ಇಟ್ಟಳು. ಹುಲ್ಲಿನ ಮೆದೆಯ ಹಿಂದೆ ಕುಡುಗೋಲು ಕೆಳಗೆ ಬಿದ್ದ ಸದ್ದಾಯಿತು.

"ಅತ್ತೆ?" ಶಶಿಕುಮಾರ ನಿಂತಿದ್ದ.

ಮುನಿಯಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಏನಿಲ್ಲ ಅಳಿಯಂದ್ರೆ. ಉಪ್ಪು ನೋಡ್ತಿದ್ದೆ."

"ಹಸುವಿನ ಕಲಗಚ್ಚಿಗೆ ಉಪ್ಪಾ?"

"ಗೌರಿ ಬಲು ನಾಜೂಕು."

ಶಶಿಕುಮಾರ ನಗಲಿಲ್ಲ. ಅವಳ ತೋಳನ್ನು ನೋಡಿದ, ಬಕೆಟ್ಟನ್ನು ನೋಡಿದ. "ಅತ್ತೆ, ನಿಮ್ ಎಲೆ ಎಲ್ಲಿ?"

ಅವಳು ಬಕೆಟ್ಟನ್ನು ಗೌರಿಯ ಕಡೆಗೆ ತಳ್ಳಿದಳು.

"ನನ್ ಮಗ ಉಣ್ತಿರೋದು ನಿಮ್ ಎಲೆ ಮೇಲಾ?"

ಅತ್ತೆ ಅಳಿಯನ ಕಾಲು ಮುಟ್ಟುವುದು ಎಲ್ಲಾದರೂ ಉಂಟೆ? ಮುನಿಯಕ್ಕ ಮುಟ್ಟಿದಳು. ಅವನು ಹಾರಿ ಹಿಂದೆ ಸರಿದರೂ ಬಿಡದೆ ಸಗಣಿಯ ಮೇಲೆ ಮಂಡಿಯೂರಿ ಹಿಡಿದುಕೊಂಡಳು. "ಹೇಳ್ಬೇಡಿ. ದಮ್ಮಯ್ಯ ಹೇಳ್ಬೇಡಿ. ನಂಗೆ ಅಷ್ಟೇನ್ ಹಸಿವಾಗಲ್ಲ. ಇನ್ನತ್ತು ವರ್ಷ ಬೇಕಾದ್ರೂ ಹಿಂಗೇ ಇರ್ತೀನಿ. ಕೂಸು ಕಣ್ಮುಂದೆ ಉಂಡ್ರೆ ನನ್ ಹೊಟ್ಟೆ ತುಂಬ್ತದೆ."

"ಏಳಿ ಅತ್ತೆ. ಮೊದ್ಲು ಎದ್ದೇಳಿ."

"ನಮ್ಮಕ್ಕ ಹೋದಂಗೆ ನನ್ ಮಗ್ಳು ಹೋಗ್ಬಾರ್ದು. ಅಷ್ಟೇ. ಇನ್ನೇನೂ ಕೇಳಲ್ಲ."

ಅವನು ಅವಳನ್ನು ಎತ್ತಿ ಕೂರಿಸಿದ. ಎತ್ತುವಾಗ ಒಣ ಹುಲ್ಲಿನ ಹೊರೆ ಎತ್ತಿದಷ್ಟೂ ಭಾರವಾಗಲಿಲ್ಲ. ಹೇಳುತ್ತೇನೆ ಎಂದೂ ಅನ್ನಲಿಲ್ಲ, ಹೇಳುವುದಿಲ್ಲ ಎಂದೂ ಅನ್ನಲಿಲ್ಲ. ಶಶಿಕುಮಾರನಿಗೆ ಸುಳ್ಳು ಬರುವುದಿಲ್ಲ. ಅವನ ಹೆಂಡತಿಗೆ ಅವನ ಮುಖ ಓದಲು ಬರುತ್ತದೆ.

ಮರುದಿನ ಮಧ್ಯಾಹ್ನ ಎಂದಿನಂತೆ ಕಂಬಿ ಬಡಿಯಿತು. ಮುನಿಯಕ್ಕ ನೂರು ಎಲೆ ಹಾಕಿ, ಖಾಲಿ ಕಟ್ಟಿನ ದಾರವನ್ನು ಒಲೆಗೆ ಬಿಸಾಕಿ, ಅನ್ನ ಬಡಿಸಿದಳು. ಅಳಿಯ ತಲೆ ಎತ್ತಲಿಲ್ಲ. ಎಲ್ಲರೂ ಮೊದಲ ತುತ್ತು ಕಲಸುವಾಗ ಹೆಂಗಸರ ಸಾಲಿನಿಂದ ಯಶಶ್ರೀ ಎದ್ದಳು. ಕೂಸನ್ನು ಅತ್ತೆಯ ತೊಡೆಗೆ ಕೊಟ್ಟು ಅಡುಗೆಮನೆಯ ಏಣಿ ಹತ್ತಿದಳು. ಅಟ್ಟದಿಂದ ಎರಡನೆಯ ಕಟ್ಟು ತಂದಳು.

ನೂರು ಕೈ ಬಾಯಿಯ ಹತ್ತಿರ ನಿಂತವು. ಅಷ್ಟೂ ಬಾಯಿ ತೆರೆದೇ ಇದ್ದವು. ಒಂದು ನೊಣ ಪೂರ್ವದ ಗೋಡೆಯಿಂದ ಪಶ್ಚಿಮದ ಗೋಡೆಯವರೆಗೆ ಎಲ್ಲ ಬಾಯಿಗೂ ಹೊಕ್ಕು ಬಂದರೂ ಮುಚ್ಚಿಕೊಂಡವರಿಲ್ಲ.

ಯಶಶ್ರೀ ಹಲ್ಲಿನಿಂದ ದಾರ ಕಡಿದಳು. ಒಂದು ಎಲೆ ತೆಗೆದು ತನ್ನ ಎಲೆಯ ಪಕ್ಕ ಹಾಕಿದಳು.

"ಅಮ್ಮ, ಬಾ ಕೂತ್ಕೊ."

"ತೆಗ್ಯೇ ಅದನ್ನ! ಹುಚ್ಚು ಹಿಡಿದೈತಾ ನಿಂಗೆ?" ಮುನಿಯಕ್ಕ ಸೌಟು ಹಿಡಿದೇ ಓಡಿ ಬಂದಳು.

"ಕೂತ್ಕೊ ಅಂದೆ."

"ಯಶೀ, ಬ್ಯಾಡ ಕಣೆ. ಎತ್ತಿ ಒಳಗಿಡು. ಇನ್ನೂ ಅನ್ನ ಬಿದ್ದಿಲ್ಲ ಅದ್ರ ಮೇಲೆ. ಅನ್ನ ಬೀಳ್ದೆ ಎಲೆ ಲೆಕ್ಕ ಅಲ್ಲ. ಯಾರೂ ನೋಡಿಲ್ಲ."

"ಯಾರೂ ನೋಡ್ಲಿಲ್ಲ ಅಮ್ಮ. ನಲವತ್ತೊಂದು ದಿನ ನಾನೇ ನೋಡ್ಲಿಲ್ಲ. ನಿನ್ ಕೈಲೇ ಬಡಿಸ್ಕೊಂಡು, ಇನ್ನೊಂಚೂರು ಹಾಕು, ಇನ್ನೊಂಚೂರು ಹಾಕು ಅಂತ ಕೇಳ್ಕೊಂಡು ತಿಂದೆ." ಯಶಶ್ರೀ ತಾಯಿಯ ಕೈಯಿಂದ ಸೌಟು ಕಿತ್ತುಕೊಂಡು ಆ ಎಲೆಯ ಮೇಲೆ ಅನ್ನ ಹಾಕಿದಳು.

ಅನ್ನ ಬಿತ್ತು.

ಪುಟ್ಟಯ್ಯ ಎದ್ದು ಬಂದು ಎಲೆಯನ್ನು ನೋಡಿದ. ಮುನಿಯಕ್ಕನನ್ನು ನೋಡಿದ, ಬಹಳ ದಿನದ ಮೇಲೆ ನೋಡಿದವನ ಹಾಗೆ. ಎರಡೂ ಸಾಲಿನ ಕಡೆ ತಿರುಗಿ ಕೇಳಿದ, "ಈವಮ್ಮ ಉಂಡಿಲ್ಲ ಅಂತ ಯಾರಿಗಾದ್ರೂ ಗೊತ್ತಿತ್ತಾ?"

ಶಿವಕುಮಾರಿ ಸೆರಗು ಬಾಯಿಗೆ ತುರುಕಿಕೊಂಡಳು. ಕೆಂಪಯ್ಯ ತಾತ ತನ್ನ ಎಲೆಯ ತುಪ್ಪವನ್ನೇ ನೋಡುತ್ತ ಕೂತ.

"ನಂಗೂ ಗೊತ್ತಿರ್ಲಿಲ್ಲ" ಎಂದ ಪುಟ್ಟಯ್ಯ. ಮತ್ತೆ ಆ ಎಲೆ ನೋಡಿ, "ಊಟ ಆಗ್ಲಿ. ಆಮೇಲೆ ಬಾವಿ ಸಾಲಿನೋರು ಸಾಮಾನು ಕಟ್ಕೊಳ್ಳಿ" ಎಂದ.

ಮುನಿಯಕ್ಕ ಎಲೆಯ ಮುಂದೆ ಕುಸಿದು ಕೂತಳು. ಕೈ ಅನ್ನಕ್ಕೆ ಹೋಗಲಿಲ್ಲ. ಮಗಳೇ ಕಲಸಿ ಒಂದು ತುತ್ತು ತಾಯಿಗೆ, ಒಂದು ತುತ್ತು ಕೂಸಿಗೆ ಇಟ್ಟಳು. ನಲವತ್ತೊಂದು ದಿನ ಕನಸಿನಲ್ಲೂ ಬಿಡದೆ ಕಾಡಿದ ಆ ಬಸ್ಸಾರು ನಾಲಿಗೆಗೆ ಬಿದ್ದಾಗ ಮುನಿಯಕ್ಕನಿಗೆ ಉಪ್ಪಿದೆಯೋ ಇಲ್ಲವೋ ಕೂಡ ಗೊತ್ತಾಗಲಿಲ್ಲ.

ಪರಿಷೆಯ ಹಿಂದಿನ ದಿನ ಬೆಳಗ್ಗೆ ನಾಲ್ಕು ಲಗೇಜ್ ಆಟೋ ಬಂದು ನಿಂತವು. ಬಾವಿ ಸಾಲಿನ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಮುನಿಯಕ್ಕ ಒಲೆಯಿಂದ ಕೆಂಡ ತೆಗೆದು ಮಡಕೆಗೆ ತುಂಬಿ, ಮೇಲೆ ಬೂದಿ ಮುಚ್ಚಿ, ಹೊಸ ಒಲೆಯ ಅಡುಗೆಯವಳಾದ ಶಿವಕುಮಾರಿಯ ಕೈಗೆ ಕೊಟ್ಟಳು. "ಕೂಸಿಗೆ ಉಪ್ಪು ಕಮ್ಮಿ ಹಾಕು. ನೀನು ಎಲ್ಲಾರ್ಗಿಂತ ಮುಂಚೆ ಉಣ್ಣು, ನನ್ನಂಗೆ ಕೊನೇಗೆ ಕೂರ್ಬೇಡ."

"ಆಯ್ತಕ್ಕ" ಎಂದಳು ಶಿವಕುಮಾರಿ. ಮಡಕೆಯನ್ನು ಸೆರಗಿನಲ್ಲಿ ಹಿಡಿದು ಆಟೋ ಹತ್ತಿದಳು.

ಆಟೋದಲ್ಲಿ ಯಶಶ್ರೀ ಕೂಸನ್ನು ತಾಯಿಯ ಕಡೆ ಚಾಚಿದಳು. ಕೂಸು ಅಜ್ಜಿಯ ಮೂಗಿಗೆ ಕೈ ಹಾಕಲು ಹೋಗಿ ಬಳೆ ಹಿಡಿದುಕೊಂಡಿತು. ಆಟೋ ಮುಂದೆ ಸರಿಯಿತು. ಬಳೆ ಒಡೆಯಲಿಲ್ಲ, ಸಿಕ್ಕಿಹಾಕಿಕೊಳ್ಳಲಿಲ್ಲ. ಆ ಕೈಯಲ್ಲಿ ಅದನ್ನು ತಡೆಯುವ ಮಾಂಸವೇ ಇರಲಿಲ್ಲವಲ್ಲ, ಸಲೀಸಾಗಿ ಜಾರಿ ಕೂಸಿನ ಜೊತೆ ಹೊರಟುಹೋಯಿತು. ಮುನಿಯಕ್ಕ ಬರಿಗೈ ಹಾಗೆಯೇ ಚಾಚಿಕೊಂಡು ಗೇಟಿನವರೆಗೆ ಓಡಿದಳು. ಹೋದವರ ಹಿಂದೆ ಗೇಟಿನಾಚೆಗೆ ಓಡುವಂತಿರಲಿಲ್ಲ.

ಆ ಮಧ್ಯಾಹ್ನ ಅರ್ಧ ಕಟ್ಟು ಎಲೆಯೇ ಸಾಕಾಯಿತು. ಈಗ ಮುನಿಯಕ್ಕ ಎಲ್ಲರ ಜೊತೆ ಸಾಲಿನಲ್ಲೇ ಕೂರುತ್ತಾಳೆ. ಪುಟ್ಟಯ್ಯ ಎದುರಿನ ಸಾಲಿನಿಂದ ಅವಳ ಕೈ ಬಾಯಿಗೆ ಹೋಗುವುದನ್ನು ನೋಡಿದ ಮೇಲೇ ತಾನು ತುತ್ತು ಎತ್ತುತ್ತಾನೆ. ಅಡುಗೆಮನೆಯ ಗೋಡೆಯಲ್ಲಿ, ಅಕ್ಕನ ಹನ್ನೊಂದು ಗೀಟಿನ ಕೆಳಗೆ, ಹೊಸದಾಗಿ ಒಂದು ಗೀಟು ಬಿದ್ದಿದೆ.

ಗೌರಿ ಮತ್ತೆ ಆರು ಸೇರು ಕರೆಯುತ್ತಾಳೆ. ಆದರೆ ಬಕೆಟ್ಟು ಇಟ್ಟರೆ ತಳದಲ್ಲಿ ಒಂದು ಬೊಗಸೆ ಕಲಗಚ್ಚು ಮುಟ್ಟದೆ ಉಳಿಸಿ, ಪಕ್ಕಕ್ಕೆ ಸರಿದು, ಮುನಿಯಕ್ಕನ ಮುಖ ನೋಡುತ್ತ ನಿಲ್ಲುತ್ತಾಳೆ. ಎಷ್ಟು ಗದರಿದರೂ ಬಾಯಿ ಹಾಕುವುದಿಲ್ಲ.

"ತಿನ್ನೇ ತಾಯಿ" ಎನ್ನುತ್ತಾಳೆ ಮುನಿಯಕ್ಕ ದಿನಾ. "ನಂಗೀಗ ಎಲೆ ಐತೆ."